ಗೋಡೌನ್ ಮಾಮ

ಒಂದು ಬಟ್ಟೆ ಅಂಗಡಿ ಮೂರಾಯಿತೆಂದರೆ ಸಾಹುಕಾರರ ಹತ್ತಿರ ಒಬ್ಬ ಗೋಡೌನ್ ಮಾಮ ಹುಟ್ಟಿಕೊಳ್ಳುತ್ತಾನೆ. ದೂರದ ನೆಂಟ, ಸಂಬಳಕ್ಕಿಂತ ಸಲುಗೆ ಹೆಚ್ಚು. ನಾನು ಹೇಳುತ್ತಿರುವ ಮಾಮನ ಸಾಹುಕಾರರಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಅಂಗಡಿಗಳು; ಬಾಡಿಗೆ ಕಡಿಮೆಯೆಂದು ಗೋಡೌನ್ ಮಾತ್ರ ಹಲಕುಂದಿಯಲ್ಲಿ. ಅಲ್ಲಿ ಬನಿಯನ್ ತೊಟ್ಟು, ಕಿವಿಗೆ ಪೆನ್ನು ಸಿಕ್ಕಿಸಿ, ಫ್ಯಾನಿನ ಕೆಳಗೆ ಕೂತ ಮಾಮ ಮೂರೂರಿನವರು ಏನು ತೊಡಬೇಕೆಂದು ತೀರ್ಮಾನಿಸುತ್ತಿದ್ದ.

"ಬಳ್ಳಾರಿಗೆ ಹತ್ತು, ಸಿರುಗುಪ್ಪಕ್ಕೆ ಆರು, ಉಳಿದದ್ದು ಕುರುಗೋಡಿಗೆ." ಇಷ್ಟೇ ಅವನ ಶಾಸ್ತ್ರ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಪ್ಯಾಂಟು ಸೆಟ್ ಲೆಕ್ಕದಲ್ಲಿ ಬರುತ್ತದೆ: 28ರಿಂದ 36. ಕುರುಗೋಡಿನ ಮ್ಯಾನೇಜರ್ ಮಗಳ ಮದುವೆಗೆ ಕರೆಯಲಿಲ್ಲ ಎಂಬ ಸಿಟ್ಟಿಗೆ ಮಾಮ ಆ ಊರಿನ ಸೆಟ್ ಒಡೆದು, 36ನ್ನೆಲ್ಲ ತೆಗೆದಿಟ್ಟು ಕಳಿಸುತ್ತಿದ್ದ.

ಹಾಗಂತ ದಡ್ಡನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಮರುದಿನ ಬೆಳಿಗ್ಗೆಯೇ ಸಿರುಗುಪ್ಪದ ಲಾರಿಯಿಂದ ರೇಷ್ಮೆ ಸೀರೆಗಳನ್ನು ಇಳಿಸಿದ. "ಕಾಲುವೆ ನೀರಿಲ್ಲ ಅಂದ್ರೆ ಭತ್ತ ಇಲ್ಲ, ಭತ್ತ ಇಲ್ಲ ಅಂದ್ರೆ ಮದುವೆ ಇಲ್ಲ." ತಾತ್ಕಾಲಿಕ ಗೇಟ್ ಕೂರಿಸಿದ ಸುದ್ದಿ ಬಂದ ಮೇಲೆ ಮತ್ತೆ ಏರಿಸಿದ. ಇಳಿಸಿ ಏರಿಸಿದ ಹಮಾಲರು ಎರಡು ಸಲ ಕೂಲಿ ಕೇಳಿದ್ದು ಬೇರೆ ಮಾತು.

ಅಷ್ಟರಲ್ಲಿ ಸಾಹುಕಾರರ ಮಗ ಬೆಂಗಳೂರಿನಲ್ಲಿ ಎಂಬಿಎ ಮುಗಿಸಿ ಬಂದ. ಪ್ಯಾಂಟಿಗೊಂದು ಬಾರ್‌ಕೋಡ್, ಮಾಮನ ಮೇಜಿಗೊಂದು ಕಂಪ್ಯೂಟರ್. "ಇನ್ಮೇಲೆ ಸಿಸ್ಟಮ್ಮೇ ಹಂಚುತ್ತೆ ಮಾಮ. ಯಾವ ಅಂಗಡೀಲಿ ಏನು ಮಾರಿತೋ ಅದನ್ನು ನೋಡಿ ಮಾಲು ಕಳಿಸುತ್ತೆ."

"ಅದಕ್ಕೆ ಪಂಚಾಂಗ ನೋಡಾಕ ಬರ್ತೈತೇನಪ್ಪಾ?" ಎಂದು ಮಾಮ ಕೇಳಿದ. ಬರುತ್ತಿರಲಿಲ್ಲ. 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಇತ್ತು, 2025ರಲ್ಲಿ ಮಾರ್ಚ್ 30ಕ್ಕೇ ಬಂತು. ಸಿಸ್ಟಮ್ ಹಳೇ ತಾರೀಖು ಹಿಡಿದು ಹೊಸ ಬಟ್ಟೆ ಕಳಿಸುವ ಹೊತ್ತಿಗೆ ಜನ ಬೇವುಬೆಲ್ಲ ತಿಂದು ಕೈ ತೊಳೆದಿದ್ದರು. ಮಾಮ ಆ ವಾರವೆಲ್ಲ ಗೋಡೌನಿನಲ್ಲಿ ಶಿಳ್ಳೆ ಹೊಡೆಯುತ್ತ ಓಡಾಡಿದ.

ಅವನು ಕಂಪ್ಯೂಟರಿನ ಭಕ್ತನಾದದ್ದು ಆಮೇಲೆ. ಮಗರಾಯ ಹಿಂದಿನ ಮಾರಾಟದ ಲೆಕ್ಕವನ್ನೆಲ್ಲ ಒಳಗೆ ತುಂಬಿಸಿ ಗುಂಡಿ ಒತ್ತಿದ. ಕುರುಗೋಡು, ಸೈಜು 36: ಮಾರಾಟ ಸೊನ್ನೆ, ಆದ್ದರಿಂದ ಹಂಚಿಕೆಯೂ ಸೊನ್ನೆ. ಕಳಿಸದೇ ಇದ್ದದ್ದು ಮಾರುವುದಾದರೂ ಹೇಗೆ? ಮಾಮ ಮಾತ್ರ ಪರದೆಗೆ ಕೈಮುಗಿದ. "ನೋಡ್ರೀ ಸಾವ್ಕಾರ್ರೆ, ನಾನೂ ಅದನ್ನೇ ಹೇಳ್ತಿದ್ದೆ. ಕುರುಗೋಡಿನ್ಯಾಗ ದಪ್ಪ ಸೊಂಟದೋರೇ ಇಲ್ಲ." ಮುಂದಿನ ಶುಕ್ರವಾರದಿಂದ ಮಾನಿಟರಿಗೆ ಕುಂಕುಮ ಬಿತ್ತು. ಮೊದಲೆಲ್ಲ ಮ್ಯಾನೇಜರ್ ಫೋನ್ ಮಾಡಿ ಗೋಗರೆದರೆ ಮಾಮ ಕೆಮ್ಮುತ್ತ ಏನಾದರೂ ನೆಪ ಹುಡುಕಬೇಕಿತ್ತು. ಈಗ ಒಂದೇ ಮಾತು: "ಸಿಸ್ಟಮ್‌ನ್ಯಾಗ ಬಂದಿಲ್ಲಪ್ಪಾ." ಹಳೇ ಸಿಟ್ಟಿಗೆ ಬಣ್ಣದ ಗ್ರಾಫ್ ಸಿಕ್ಕಿದೆ, ಅದರ ಮುಂದೆ ಸಾಹುಕಾರರೂ ತಲೆಯಾಡಿಸುತ್ತಾರೆ.

ಮಾಲೇ ಇಲ್ಲದ ದಿನಗಳನ್ನು ಲೆಕ್ಕದಿಂದ ಬಿಡು ಎಂದು ಹೇಳಿದರೆ ಕೇಳುವ ಸಾಫ್ಟ್‌ವೇರ್‌ಗಳಿವೆ. ಆದರೆ ಹೇಳಬೇಕಾದವನು ಮಾಮ, ಪಾಸ್‌ವರ್ಡ್ ಇರುವುದೂ ಅವನ ಹತ್ತಿರವೇ.

ಆದ್ದರಿಂದ ಕುರುಗೋಡಿನ ದಪ್ಪ ಸೊಂಟದ ಮಹನೀಯರೇ, ಅಂಗಡಿಯಲ್ಲಿ ಇಲ್ಲ ಅಂದ ಕೂಡಲೇ ಬಳ್ಳಾರಿ ಬಸ್ ಹತ್ತಬೇಡಿ, ಅಲ್ಲೇ ನಿಂತು ನಿಮ್ಮ ಸೈಜು ಬರೆಸಿ. ಬಳ್ಳಾರಿಯಲ್ಲಿ ಕೊಂಡರೆ ನಿಮ್ಮ ಸೊಂಟ ಬಳ್ಳಾರಿಯ ಖಾತೆಗೆ ಜಮಾ ಆಗುತ್ತದೆ, ಮುಂದಿನ ಲಾರಿಯಲ್ಲಿ ನಿಮ್ಮ ಪ್ಯಾಂಟೂ ಅಲ್ಲಿಗೇ ಹೋಗುತ್ತದೆ.