ಹೊಸ ವಾಲ್ವ್: ಬಳಸುವ ಮುನ್ನ ಓದಿಕೊಳ್ಳಿ
(ಮೆಟ್ಟುಪಾಳ್ಯಂ, ಕಾರಮಡೈ, ಸಿರುಮುಗೈ ಭಾಗದ ಗ್ರಾಹಕರಿಗಾಗಿ)

ಸಾಧನದ ಪರಿಚಯ

ಭವಾನಿ ದಂಡೆಯ ತೋಟಗಳಲ್ಲಿ ಫುಟ್‌ವಾಲ್ವ್ ಯಾವುದೆಂದು ಚಿಕ್ಕ ಹುಡುಗನಿಗೂ ಗೊತ್ತು. ಬಾವಿಯ ಪೈಪಿನ ತುದಿಯಲ್ಲಿ ಕೂತು, ಮೇಲೇರಿದ ನೀರು ಹಿಂದಕ್ಕೆ ಇಳಿಯದಂತೆ ಹಿಡಿಯುತ್ತದೆ. ಎದೆಯೊಳಗೆ ಅಂಥವು ನಾಲ್ಕಿವೆ. ಹೆಚ್ಚಾಗಿ ಕೆಡುವುದು ಮೈಟ್ರಲ್ ಮತ್ತು ಅಯೋರ್ಟಿಕ್ ಎಂಬ ಎರಡು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಸಾಮಾನು ಇಷ್ಟು ವರ್ಷ ಸದ್ದಿಲ್ಲದೆ ದುಡಿದದ್ದೇ ದೊಡ್ಡದು. ಹೋಲಿಕೆ ಇಲ್ಲಿಗೆ ಸಾಕು. ತೋಟದ ವಾಲ್ವ್ ಬದಲಿಸುವಾಗ ಮೋಟರ್ ನಿಲ್ಲಿಸಿದರೆ ಬೆಳೆ ಒಂದು ದಿನ ಕಾಯುತ್ತದೆ, ಮೆದುಳು ಕಾಯುವುದಿಲ್ಲ. ಆದ್ದರಿಂದ ಹೃದಯ ನಿಂತಿರುವಷ್ಟು ಹೊತ್ತು ರಕ್ತವನ್ನು ಪಕ್ಕದ ಯಂತ್ರವೊಂದು ಹರಿಸುತ್ತದೆ.

ಕೆಟ್ಟದ್ದು ಹೇಗೆ

ಹತ್ತು ಹನ್ನೆರಡರ ವಯಸ್ಸಿನಲ್ಲಿ ಗಂಟಲು ನೋವು ಬಂದು, ಆಮೇಲೆ ಮೊಣಕಾಲು, ಮಣಿಕಟ್ಟು ಒಂದೊಂದಾಗಿ ಊದಿತ್ತೇ ಎಂದು ಡಾಕ್ಟರು ಕೇಳುತ್ತಾರೆ. ಅಜ್ಜಿ ಎಣ್ಣೆ ತಿಕ್ಕಿ, ಬೆಳೆಯುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ ಎಂದಿದ್ದು ನಿಮಗೆ ನೆನಪಾಗುತ್ತದೆ. ಅದು ರುಮ್ಯಾಟಿಕ್ ಜ್ವರ. ಆಗ ಮೂರು ವಾರಕ್ಕೊಂದು ಪೆನಿಸಿಲಿನ್ ಚುಚ್ಚಿಸಿಕೊಂಡು ಬಂದಿದ್ದರೆ ವಾಲ್ವ್ ಉಳಿಯುವ ಸಾಧ್ಯತೆ ಇತ್ತು. ಮೂರು ಎಸಳಿರಬೇಕಾದ ಅಯೋರ್ಟಿಕ್ ವಾಲ್ವ್ ಕೆಲವರಿಗೆ ಹುಟ್ಟುವಾಗಲೇ ಎರಡೇ ಎಸಳಿನದು. ಇನ್ನು ಕೆಲವರದು ವಯಸ್ಸಾದಂತೆ ಸುಣ್ಣ ಕಟ್ಟಿ ಬಿಗಿಯುತ್ತದೆ. ಯಾರ ತಪ್ಪು ಎಂಬ ಚರ್ಚೆ ಮನೆಯಲ್ಲಿ ಹೇಗೂ ನಡೆಯುತ್ತದೆ. ನೀವು ಅದರಲ್ಲಿ ಸೇರಬೇಡಿ, ಉಸಿರು ಉಳಿಸಿಕೊಳ್ಳಿ.

ಅಂಗಡಿ ಆರಿಸುವುದು

ಕೊಯಮತ್ತೂರು 35 ಕಿಲೋಮೀಟರ್ ದೂರವಷ್ಟೇ, ಅಲ್ಲಿ ಈ ಆಪರೇಷನ್ ಮಾಡುವ ಆಸ್ಪತ್ರೆಗಳೂ ಉಂಟು. ಆದರೂ ದಿಂಬಂ ಘಾಟಿನ ಆಚೆ ನೆಂಟಸ್ತನ ಇರುವ ಮನೆಗಳಲ್ಲಿ ಒಬ್ಬ ಮಾವ ಬೆಂಗಳೂರಿನ ಜಯದೇವ ಎನ್ನುತ್ತಾನೆ, ಒಬ್ಬ ಭಾವ ತಿರುವನಂತಪುರದ ಶ್ರೀಚಿತ್ರಾ ಎನ್ನುತ್ತಾನೆ. ಎಲ್ಲವೂ ಒಳ್ಳೆಯವೇ. ಆದರೆ ಆಪರೇಷನ್ ಒಂದು ಸಲದ್ದು, ರಕ್ತ ಪರೀಕ್ಷೆ ಸಾಯುವ ತನಕದ್ದು. ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವಷ್ಟು ಹತ್ತಿರದ ಜಾಗ ಆರಿಸಿಕೊಳ್ಳಿ. ಮುಖ್ಯಮಂತ್ರಿ ವಿಮಾ ಕಾರ್ಡು ಇದ್ದರೆ ಡಾಕ್ಟರಿಗಿಂತ ಮೊದಲು ಆ ಕೌಂಟರಿನಲ್ಲಿ ವಿಚಾರಿಸಿ. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತಮಿಳು, ಒಪ್ಪಿಗೆ ಪತ್ರದಲ್ಲಿ ಇಂಗ್ಲಿಷು. ಸಹಿ ಮಾತ್ರ ಯಾವ ಭಾಷೆಯಲ್ಲಿ ಹಾಕಿದರೂ ನಡೆಯುತ್ತದೆ.

ಮಾದರಿ ಆರಿಸುವುದು

ಲೋಹವೋ ಟಿಶ್ಯೂವೋ ಎಂದು ಸರ್ಜನ್ ಕೇಳುತ್ತಾರೆ. ನೀವು ‘ಯಾವುದು ಒಳ್ಳೆಯದು ಸಾರ್?’ ಎನ್ನುತ್ತೀರಿ. ಅವರು ಮುಗುಳ್ನಗುತ್ತಾರೆ, ಯಾಕೆಂದರೆ ಪ್ರಶ್ನೆ ಅದಲ್ಲ. ಯಾವ ಚಿಂತೆಯ ಜತೆ ಬಾಳಬಲ್ಲಿರಿ ಎನ್ನುವುದು ನಿಜವಾದ ಪ್ರಶ್ನೆ. ಲೋಹದ್ದು ಸಾಮಾನ್ಯವಾಗಿ ನಿಮ್ಮ ಆಯುಸ್ಸಿಗೂ ಮಿಕ್ಕಿ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ ನುಂಗಬೇಕು. ಹಸು ಅಥವಾ ಹಂದಿಯ ಅಂಗಾಂಶದಿಂದ ಮಾಡಿದ್ದಕ್ಕೆ ಆ ಕಾಟ ಕಡಿಮೆ, ಆದರೆ ಹತ್ತು ಹದಿನೈದು ವರ್ಷದಲ್ಲಿ ಸವೆಯುತ್ತದೆ, ಪ್ರಾಯದವರಲ್ಲಿ ಇನ್ನೂ ಬೇಗ. ಹೆರುವ ಆಸೆ ಇರುವ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಹೇಳಲೇಬೇಕು, ಹೆಪ್ಪು ತಡೆಯುವ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಕಾಫಿ ತರಲು ಕಳಿಸಿ.

ಎದೆ ಸೀಳದೆ ತೊಡೆಯ ರಕ್ತನಾಳದಿಂದ ವಾಲ್ವ್ ಏರಿಸುವ ವಿಧಾನವೂ ಉಂಟು. ಅದು ಹೆಚ್ಚಾಗಿ ಅಯೋರ್ಟಿಕ್ ವಾಲ್ವ್ ಬಿಗಿದ ಹಿರಿಯರಿಗೆ. ಬೆಲೆ ಕೇಳಿ ಎದೆ ಹಿಡಿದುಕೊಳ್ಳಬೇಡಿ.

ಲೋಹದ ವಾಲ್ವಿನ ಚರಿತ್ರೆ ಓದಿದರೆ ನಮ್ಮ ಕಡೆಯ ಪಂಪು ಮಾಡುವವರಿಗೆ ಹೆಮ್ಮೆಯಾದೀತು. ಅಮೆರಿಕದ ಲೋವೆಲ್ ಎಡ್ವರ್ಡ್ಸ್ ದ್ರವಗಳ ಹರಿವು ಬಲ್ಲ ಎಂಜಿನಿಯರ್. ಇಡೀ ಕೃತಕ ಹೃದಯವನ್ನೇ ಮಾಡೋಣ ಎಂದು ಸರ್ಜನ್ ಆಲ್ಬರ್ಟ್ ಸ್ಟಾರ್ ಬಳಿ ಹೋದರು. ಮೊದಲು ಒಂದು ವಾಲ್ವ್ ಮಾಡೋಣ ಎಂದರು ಸ್ಟಾರ್. 1960ರಲ್ಲಿ ಪಂಜರದೊಳಗೆ ಚೆಂಡು ಕುಣಿಯುವ ಅವರ ವಾಲ್ವ್ ಮನುಷ್ಯರ ಎದೆ ಸೇರಿತು. ನಮ್ಮ ದೇಶದ್ದು ಬರಲು ಇನ್ನೂ ಮೂವತ್ತು ವರ್ಷ ಬೇಕಾಯಿತು. ಶ್ರೀಚಿತ್ರಾದಲ್ಲಿ ಎಂ.ಎಸ್. ವಲಿಯತ್ತಾನ್ ಮತ್ತು ಅವರ ಜತೆಗಾರರು ಮೂರು ಮಾದರಿ ಸೋತು ನಾಲ್ಕನೆಯದರಲ್ಲಿ ಗೆದ್ದರು. ಪಂಜರ ಗಟ್ಟಿ ಮಿಶ್ರಲೋಹದ್ದು, ಓಲಾಡುವ ಬಿಲ್ಲೆ ಪಾಲಿಎಥಿಲೀನಿನದು. 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಕೂರಿಸಿದರು. ಆಮದು ಮಾಲಿಗಿಂತ ಬಹಳ ಅಗ್ಗ. ಹೆಸರು ‘ಚಿತ್ರಾ’. ನೆರೆಮನೆಯವರು ‘ಒಳಗೆ ಯಾರನ್ನ ಇಟ್ಕೊಂಡಿದ್ದೀಯಣ್ಣ?’ ಎಂದು ಕೇಳಿದರೆ ನಕ್ಕು ಸುಮ್ಮನಿರಿ.

ಅಳವಡಿಕೆ

ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸುತ್ತಾರೆ. ದಾರಿ ತಪ್ಪಿ ಬಂದೆವೆಂದು ಎದ್ದು ಬರಬೇಡಿ. ಹುಳುಕು ಹಲ್ಲಿನ ಕ್ರಿಮಿ ರಕ್ತಕ್ಕೆ ಇಳಿದು ಹೊಸ ವಾಲ್ವಿನ ಮೇಲೆ ಮನೆ ಕಟ್ಟುತ್ತದೆ. ಅಳವಡಿಕೆಯಲ್ಲಿ ಗ್ರಾಹಕರ ಪಾತ್ರವೇನೂ ಇಲ್ಲ, ನೀವು ಮಲಗಿದರೆ ಸಾಕು. ಎಚ್ಚರವಾದಾಗ ಗಂಟಲಲ್ಲಿ ಕೊಳವೆ ಇರುತ್ತದೆ, ಮಾತು ಹೊರಡುವುದಿಲ್ಲ. ನರ್ಸಮ್ಮ ‘ಬಯಪ್ಪಡಾದೀಂಗ’ ಎನ್ನುತ್ತಾರೆ. ರೆಪ್ಪೆ ಬಡಿಯಿರಿ, ಅಷ್ಟೇ ಉತ್ತರ.

ಕೊಳವೆ ತೆಗೆದ ಮೇಲೆ ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಸಾಮಾನೊಂದು ಕೊಡುತ್ತಾರೆ. ಊದುವುದಲ್ಲ, ಉಸಿರು ಎಳೆದು ಚೆಂಡು ಏರಿಸುವುದು. ನೋಡಲು ಬಂದವರ ಮಕ್ಕಳು ಒಂದೇ ಉಸಿರಿಗೆ ಮೂರನ್ನೂ ಏರಿಸಿ ನಿಮ್ಮನ್ನು ನೋಡುತ್ತಾರೆ, ಸಹಿಸಿಕೊಳ್ಳಿ. ಕೆಮ್ಮುವಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳಿ. ಗರಗಸದಲ್ಲಿ ಕೊಯ್ದು ಸ್ಟೀಲ್ ತಂತಿಯಿಂದ ಹೊಲಿದ ಎದೆಮೂಳೆ ಕೂಡಲು ಎರಡು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಆಲೂಗಡ್ಡೆ ಮಂಡಿಯವರು ಮೂಟೆ ಮುಟ್ಟಬಾರದು, ನೇಯುವವರು ಮಗ್ಗದ ಗುಂಡಿಗೆ ಇಳಿಯಬಾರದು, ಗಂಡಸರು ಬೈಕ್ ಒದೆಯಬಾರದು, ಹೆಂಗಸರು ತುಂಬಿದ ಬಿಂದಿಗೆ ಎತ್ತಬಾರದು. ಕೊನೆಯದನ್ನು ಮನೆಯವರ ಮುಂದೆ ಡಾಕ್ಟರ ಬಾಯಿಂದಲೇ ಹೇಳಿಸಿ, ನೀವು ಹೇಳಿದರೆ ಯಾರೂ ನಂಬುವುದಿಲ್ಲ.

ನಿರ್ವಹಣೆ

ಲೋಹದ ವಾಲ್ವಿನವರು ವಾರ್ಫರಿನ್ ಅಥವಾ ಅದರ ದಾಯಾದಿ ಅಸಿಟ್ರೋಮ್ ಮಾತ್ರೆಯನ್ನು ದಿನವೂ ಅದೇ ಹೊತ್ತಿಗೆ ನುಂಗಬೇಕು. ‘ಇದು ಇಲಿ ಪಾಷಾಣವಂತೆ ಮಾವ!’ ಎಂದು ಓದಿಕೊಂಡ ಅಳಿಯನೊಬ್ಬ ಬರುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಕೊಳೆತ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದ ಕಾರಣವನ್ನು ವಿಸ್ಕಾನ್ಸಿನ್‌ನಲ್ಲಿ ಹುಡುಕುತ್ತ ಹೋಗಿ ಸಿಕ್ಕ ವಸ್ತುವಿನ ವಂಶದ್ದೇ ವಾರ್ಫರಿನ್. 1948ರಲ್ಲಿ ಅದು ಇಲಿಗಳಿಗೆ ಬಂತು, ಮನುಷ್ಯರಿಗೆ ಬಂದದ್ದು ಆಮೇಲೆ. ಅಳತೆ ತಪ್ಪದಿರಲೆಂದೇ ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ಲೋಹದ ಮೈಟ್ರಲ್ ವಾಲ್ವಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕೆನ್ನುತ್ತಾರೆ. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ರಕ್ತಸ್ರಾವ.

ಸೊಪ್ಪಿನ ಕೆ ವಿಟಮಿನ್ ಈ ಮಾತ್ರೆಯ ಕೆಲಸ ಕೆಡಿಸುತ್ತದೆ. ಅದನ್ನು ಕೇಳಿದ ಕೂಡಲೇ ಮನೆಯವರು ಸೊಪ್ಪನ್ನೇ ನಿಲ್ಲಿಸಿಬಿಡುತ್ತಾರೆ. ಬೇಡ. ವಾರಕ್ಕೆ ಎಷ್ಟು ತಿನ್ನುತ್ತಿದ್ದಿರೋ ಅಷ್ಟೇ ತಿನ್ನಿ, ಒಂದು ವಾರ ನುಗ್ಗೆಸೊಪ್ಪಿನ ಹಬ್ಬ, ಮುಂದಿನ ವಾರ ಉಪವಾಸ ಅಂತಾಗಬಾರದು. ಒಗ್ಗರಣೆಯ ಕರಿಬೇವಿಗೆ ಹೆದರಬೇಡಿ, ಕಾರಮಡೈ ಸೀಮೆಯಲ್ಲಿ ಅದಿಲ್ಲದೆ ಬದುಕುವುದಾದರೂ ಹೇಗೆ? ಹೆದರಬೇಕಾದದ್ದು ಮೈಕೈ ನೋವೆಂದು ಮೆಡಿಕಲ್ ಶಾಪಿನಲ್ಲಿ ನೀವೇ ಕೊಳ್ಳುವ ಮಾತ್ರೆಗೆ ಮತ್ತು ನಾಟಿ ಕಷಾಯಕ್ಕೆ.

ನಮ್ಮ ದೇವಾಂಗ ಮನೆಗಳಿಗೊಂದು ವಿಶೇಷ ಸೂಚನೆ. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿ ಮೆರವಣಿಗೆಯಲ್ಲಿ ಕತ್ತಿಯಿಂದ ಎದೆಗೆ ಹೊಡೆದುಕೊಳ್ಳುತ್ತ ಅಲಗು ಸೇವೆ ಮಾಡಿದವರು ಇನ್ನು ಮುಂದೆ ಆ ಸೇವೆ ಬಿಡಬೇಕು. ಗೀರು ಗಾಯವೂ ನಿಲ್ಲದೆ ಸೋರುತ್ತದೆ. ಹರಕೆ ಬಾಕಿ ಇದೆ ಎಂದು ಹಿರಿಯರು ಗೊಣಗಿದರೆ ಅಂಗಿಯ ಗುಂಡಿ ಬಿಚ್ಚಿ ತೋರಿಸಿ. ಅಷ್ಟುದ್ದದ ಅಲಗಿನ ಗುರುತು ಆ ಮೆರವಣಿಗೆಯಲ್ಲಿ ಇನ್ನಾರ ಎದೆಯ ಮೇಲೂ ಇರುವುದಿಲ್ಲ.

ದೋಷ ಕಂಡುಬಂದರೆ

ರಾತ್ರಿ ಟಿಕ್ ಟಿಕ್ ಕೇಳಿದರೆ ಅದು ದೋಷವಲ್ಲ, ಲೋಹದ ವಾಲ್ವ್ ಕೆಲಸ ಮಾಡುತ್ತಿದೆ. ಸದ್ದು ಮಂಕಾಗಿ ಉಸಿರು ಕಟ್ಟಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ಕಾರಣವಿಲ್ಲದ ಜ್ವರ ಬಂದರೂ ಊರ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳದೆ ಆಪರೇಷನ್ ಮಾಡಿದವರ ಬಳಿಗೇ ಹೋಗಿ. ಹಲ್ಲು ಕೀಳಿಸುವ ಮೊದಲು ವಾಲ್ವಿನ ವಿಷಯ ಹೇಳಿ.

ಆಸ್ಪತ್ರೆಯವರು ವಾಲ್ವಿನ ಹೆಸರು, ನಂಬರು ಬರೆದ ಕಾರ್ಡು ಕೊಡುತ್ತಾರೆ. ಮನೆಯವರು ಅದನ್ನು ಜೋಪಾನವೆಂದು ದೇವರ ಪಟದ ಹಿಂದೆ ಇಡುತ್ತಾರೆ. ತೆಗೆದು ಜೇಬಿಗೆ ಹಾಕಿಕೊಳ್ಳಿ. ಪಟದ ಹಿಂದೆ ರೇಷನ್ ಕಾರ್ಡಿನ ಜೆರಾಕ್ಸ್ ಇಟ್ಟರೆ ಅವರಿಗೂ ಸಮಾಧಾನ.