ಡಿ ಡ್ರೈವ್ ಹಾಗೇ ಇರುತ್ತೆ ಸಾರ್

ಬೆಂಗಳೂರಿನಲ್ಲಿ ಕಂಪ್ಯೂಟರಿಗೆ ಯಾವ ಕಾಯಿಲೆ ಬಂದರೂ ಮದ್ದು ಎರಡೇ. ಮೊದಲನೆಯದು, ಡಬ್ಬ ಬಿಚ್ಚಿ ರ‍್ಯಾಮ್ ಕಿತ್ತು, ಅದರ ಹಳದಿ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಸಿಕ್ಕಿಸುವುದು. ಅದಕ್ಕೂ ಜಗ್ಗದಿದ್ದರೆ ಎರಡನೆಯದು: "ಫಾರ್ಮ್ಯಾಟ್ ಹೊಡೆದ್ಬಿಡೋಣ ಸಾರ್." ಮೊದಲ ಮದ್ದನ್ನು ಕಂಡು ನಗುವವರಿದ್ದಾರೆ; ನಗಬೇಕಾದ್ದಿಲ್ಲ. ಆ ಅಂಚಿನ ಮೇಲೆ ಕೂತ ಮಸಿ, ಧೂಳು ಹೋದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ಧೂಳಿಗಂತೂ ನಮ್ಮ ದೀಪಾಂಜಲಿ ನಗರದಲ್ಲಿ ಬರವಿಲ್ಲ. ಪಕ್ಕದಲ್ಲೇ ಮೈಸೂರು ರಸ್ತೆ, ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗಿಬರುವ ಬಸ್ಸುಗಳು. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಮೆಟ್ರೊ ಓಡತೊಡಗಿದಾಗ ನಮಗೂ ಒಂದು ಸ್ಟೇಷನ್ ಸಿಕ್ಕಿತು. ಜನ ಮೇಲೆ ಹೋದರೆ ಕೆಳಗಿನ ಧೂಳು ಇಳಿಯುತ್ತದೆಂದು ನಂಬಿದವರಲ್ಲಿ ನಮ್ಮ ಮಾವನವರೂ ಒಬ್ಬರು. ಅವರು ಈಗಲೂ ಕಾಯುತ್ತಿದ್ದಾರೆ.

ನಮ್ಮ ಹಾಲ್‌ನ ಮೂಲೆಯಲ್ಲಿರುವ ಕಂಪ್ಯೂಟರು ಎಸ್.ಪಿ. ರೋಡಿನಲ್ಲಿ ಜೋಡಿಸಿ ತಂದದ್ದು. ಒಂದು ಅಂಗಡಿಯಲ್ಲಿ ಮದರ್‌ಬೋರ್ಡು, ಎದುರಿನ ಅಂಗಡಿಯಲ್ಲಿ ಡಿಸ್ಕು, ಮಹಡಿ ಮೇಲಿನ ಇನ್ನೊಂದರಲ್ಲಿ ಡಬ್ಬ. ಹೀಗೆ ಹುಟ್ಟಿದ ಯಂತ್ರಕ್ಕೆ ಕುಲಗೋತ್ರವಿಲ್ಲ. ಕೆಟ್ಟರೆ ಇಂಥ ಕಂಪನಿಯದೆಂದು ಬೈಯುವ ಸೌಲಭ್ಯವೂ ಇಲ್ಲ. ಪ್ರತಿ ಆಯುಧಪೂಜೆಗೆ ಅದಕ್ಕೆ ಅರಿಶಿನ, ಕುಂಕುಮ, ಒಂದು ಮೊಳ ಸೇವಂತಿಗೆ. ಡಿವಿಡಿ ಡ್ರೈವಿನ ತಟ್ಟೆ ಹೊರಗೆ ಬಂದಾಗ ಹೋದ ವರ್ಷಗಳ ಕುಂಕುಮವೂ ಜೊತೆಗೆ ಬರುತ್ತದೆ.

ಇತ್ತೀಚೆಗೆ ಅದು ಎದ್ದೇಳುವಷ್ಟರಲ್ಲಿ ಕಾಫಿ ಕುಡಿದು, ಪೇಪರು ಓದಿ, ಪದಬಂಧಕ್ಕೂ ಕೈ ಹಾಕಬಹುದಾಗಿತ್ತು. ರಬ್ಬರಿನ ಚಿಕಿತ್ಸೆ ಫಲಿಸಲಿಲ್ಲ. ರಿಪೇರಿಯ ಹುಡುಗ ಬಂದ. ಎಲ್ಲ ರಿಪೇರಿಯವರಂತೆ ಭಯ ಹುಟ್ಟಿಸದೆ ಸಮಾಧಾನ ಹೇಳಿದ: "ಸಿ ಮಾತ್ರ ಹೋಗುತ್ತೆ, ಡಿ ಡ್ರೈವ್ ಹಾಗೇ ಇರುತ್ತೆ ಸಾರ್." ಈ ವಾಕ್ಯ ಕೇಳಿ ನೆಮ್ಮದಿಯಿಂದ ಉಸಿರುಬಿಟ್ಟ ಮನೆಗಳು ಈ ಊರಿನಲ್ಲಿ ಎಷ್ಟಿವೆಯೋ! ಆದರೆ ಸಾಮಾನ್ಯ ಮನುಷ್ಯರು ಡಿ ಡ್ರೈವಿನಲ್ಲಿ ಏನನ್ನೂ ಇಡುವುದಿಲ್ಲ. ಎಲ್ಲವನ್ನೂ ಡೆಸ್ಕ್‌ಟಾಪಿನಲ್ಲಿ, ಕಣ್ಣಿಗೆ ಕಾಣುವ ಹಾಗೆ ಹರವುತ್ತಾರೆ. ಆ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನ ಹೊಟ್ಟೆಯೊಳಗೆ. ಹುಡುಗ ಬಲ್ಲವನು, "ಡೆಸ್ಕ್‌ಟಾಪಲ್ಲಿ ಏನಾದ್ರೂ ಇದ್ಯಾ ಮೇಡಂ?" ಎಂದು ಕೇಳಿ, ನನ್ನ ಹೆಂಡತಿಯ ಚೀಟಿ ಲೆಕ್ಕ, ನಾದಿನಿ ಮದುವೆಯ ಫೋಟೊ, ಮಾವನವರ ಪತ್ರಗಳು, ಎಲ್ಲವನ್ನೂ ಡಿಗೆ ಸಾಗಿಸಿದ. ಪೆನ್‌ಡ್ರೈವ್ ಸಿಕ್ಕಿಸಿ ವಿಂಡೋಸ್ 10 ಹಾಕಿದ. 11 ಏಕಾಗದು ಎಂದದ್ದಕ್ಕೆ, ಅದಕ್ಕೆ ಬೇಕಾದ ಟಿಪಿಎಂ 2.0 ಈ ಬೋರ್ಡಿನಲ್ಲಿಲ್ಲ, ಪ್ರೊಸೆಸರೂ ಹಳೆಯದು ಎಂದ. "ಡ್ರೈವರ್ ಒಂದು ಹಾಕ್ಕೊಳ್ಳಿ ಸಾರ್, ನೆಟ್ ಕನೆಕ್ಟ್ ಮಾಡಿದ್ರೆ ಅದೇ ತಗೊಳ್ಳುತ್ತೆ" ಎಂದು ಹೆಲ್ಮೆಟ್ ಹಾಕಿಕೊಂಡು ಹೊರಟ.

ಸುಣ್ಣ ಹೊಡೆಸಿದ ಮನೆಗೆ ಮತ್ತೆ ಸಾಮಾನು ಸೇರಿಸಿದ ಮೇಲೆ ಬೆಂಕಿಪೊಟ್ಟಣ ಹುಡುಕಿದವರಿಗೆ ಮುಂದಿನದು ಅರ್ಥವಾದೀತು. ಯಂತ್ರ ಸರ್ರನೆ ಎದ್ದಿತು, ನಿಜ. ಪರದೆಯ ಮೇಲೆ ಎಲ್ಲವೂ ದಪ್ಪದಪ್ಪ, ಸದ್ದಿಲ್ಲ, ಇಂಟರ್ನೆಟ್ ಇಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನದೊಳಗೆ ಆಶ್ಚರ್ಯಸೂಚಕ ಚಿಹ್ನೆಗಳ ಸಾಲು. ಡ್ರೈವರ್ ಅಂದರೆ ಇಷ್ಟೇ: ವಿಂಡೋಸಿಗೆ ಪ್ರತಿಯೊಂದು ಬಿಡಿಭಾಗದ ಜೊತೆ ಮಾತಾಡುವುದನ್ನು ಹೇಳಿಕೊಡುವ ಪುಟ್ಟ ತಂತ್ರಾಂಶ. ನೆಟ್‌ವರ್ಕಿನ ಡ್ರೈವರ್ ಇಲ್ಲದೆ ಇಂಟರ್ನೆಟ್ ಬಾರದು. ಆ ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ. ಮದುವೆ ಆಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆ ಆಗದು ಎಂಬ ಗಾದೆ ಮಾಡಿದವರು ಕಂಪ್ಯೂಟರ್ ನೋಡಿರಲಿಲ್ಲ.

ಬೋರ್ಡಿನ ಜೊತೆ ಒಂದು ಸೀಡಿ ಬಂದಿತ್ತಲ್ಲ ಎಂದು ನೆನಪಾಯಿತು. ಹುಡುಕಾಟ ಬೀರುವಿನಿಂದ ಶುರುವಾಗಿ ಬಾಲ್ಕನಿಯಲ್ಲಿ ಮುಗಿಯಿತು. ಪಾರಿವಾಳಗಳನ್ನು ಬೆದರಿಸಲು ನನ್ನ ಹೆಂಡತಿ ದಾರ ಕಟ್ಟಿ ತೂಗುಹಾಕಿದ್ದ ಸೀಡಿಗಳ ಸಾಲಿನಲ್ಲಿ, ಒಂದು ಭಕ್ತಿಗೀತೆಗೂ ಇನ್ನೊಂದು ಸೀಮಂತದ ವಿಡಿಯೊಗೂ ನಡುವೆ, ನಮ್ಮ ಡ್ರೈವರ್ ಸೀಡಿ ಬಿಸಿಲಿಗೆ ಬೆಳ್ಳಗಾಗಿ ತಿರುಗುತ್ತಿತ್ತು. ಒರೆಸಿ ಹಾಕಿದೆವು. ಡಿವಿಡಿ ಡ್ರೈವು ಗರಗರ ಎಂದು ಒಂದಿಷ್ಟು ಕುಂಕುಮ ಉದುರಿಸಿ ಸುಮ್ಮನಾಯಿತು. ಪಾರಿವಾಳಗಳಂತೂ ಆ ಸೀಡಿಗೆ ಎಂದೂ ಹೆದರಿದ್ದಿಲ್ಲ.

ದಾರಿ ತೋರಿಸಿದವನು ಮೇಲಿನ ಮನೆಯ ಪಿಯುಸಿ ಹುಡುಗ. "ಅಂಕಲ್, ಫೋನನ್ನ ಚಾರ್ಜರ್ ವೈರಲ್ಲೇ ಸಿಪಿಯುಗೆ ಹಾಕಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ" ಎಂದ. ಫೋನಿನ ಡೇಟಾ ವೈರಿನಲ್ಲಿ ಹರಿದು, ವಿಂಡೋಸ್ ತಾನೇ ಒಂದೊಂದೇ ಡ್ರೈವರ್ ಎಳೆದುಕೊಂಡಿತು. ಹಳದಿ ತ್ರಿಕೋನಗಳು ಮಾಯವಾದವು, ಅಕ್ಷರಗಳು ಸಣ್ಣಗಾದವು, ಸ್ಪೀಕರು ಕೆಮ್ಮಿತು. ಫಾರ್ಮ್ಯಾಟ್ ಹೊಡೆಯುವ ಮೊದಲೇ ನೆಟ್‌ವರ್ಕ್ ಡ್ರೈವರನ್ನು ಡಿ ಡ್ರೈವಿನಲ್ಲಿ ಇಳಿಸಿಟ್ಟುಕೊಂಡಿದ್ದರೆ ಇದೆಲ್ಲ ಬೇಕಿರಲಿಲ್ಲವೆಂದು ಹುಡುಗ ಹೇಳಿದ. ಪಿಯುಸಿ ಹುಡುಗರು ಇಂಥದನ್ನು ಯಾವಾಗಲೂ ಕೆಲಸ ಮುಗಿದ ಮೇಲೆ ಹೇಳುತ್ತಾರೆ.

ಅಲ್ಲಿಂದ ನಮ್ಮ ಮನೆಯಲ್ಲಿ 'ಫಾರ್ಮ್ಯಾಟ್ ಆದ ಮೇಲೆ' ಎಂಬ ಹೊಸ ಶಕೆ ಆರಂಭವಾಯಿತು. ಪ್ರಿಂಟರ್ ಕಾಗದ ಕಚ್ಚಿದರೆ, ಫಾರ್ಮ್ಯಾಟ್ ಆದ ಮೇಲೆ. ಟಿವಿ ರಿಮೋಟು ಕೈಕೊಟ್ಟರೆ ಅದೂ ಫಾರ್ಮ್ಯಾಟ್ ಆದ ಮೇಲೇ. ಹಾಗೆಯೇ ಒಂದು ಬೆಳಿಗ್ಗೆ ಬ್ಯಾಂಕಿನ ಪುಟ ತೆರೆಯಲಿಲ್ಲ. ಸುರಕ್ಷಿತವಲ್ಲ ಎಂಬ ಕೆಂಪು ಎಚ್ಚರಿಕೆ. ಬೇರೆ ಪುಟಗಳದೂ ಅದೇ ಹಾಡು. "ರೀ, ವೈರಸ್ ಬಂದಿರ್ಬೇಕು, ಆ ಹುಡುಗನ್ನ ಕರೀರಿ" ಎಂದಳು ಹೆಂಡತಿ.

ಮಾವನವರು ಮೈಸೂರು ರಸ್ತೆಯ ಕವಿಕಾದಲ್ಲಿ, ಅಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆಯಲ್ಲಿ, ಟ್ರಾನ್ಸ್‌ಫಾರ್ಮರುಗಳ ನಡುವೆ ನೌಕರಿ ಮುಗಿಸಿದವರು. ಅವರ ಪ್ರಕಾರ ಲೋಕದ ಸಕಲ ತೊಂದರೆಗಳಿಗೂ ಮೂಲ ಅರ್ಥಿಂಗ್. ಈ ಸಲವೂ "ಅರ್ಥಿಂಗ್ ನೋಡಿದ್ರಾ?" ಎಂದೇ ಬಂದು, ಪರದೆಯ ಬಲತುದಿಗೆ ಕನ್ನಡಕ ಒಯ್ದು, "ಇದೇನ್ರೀ, 2013ನೇ ಇಸವಿ ಜನವರಿ ಒಂದು ಅಂತ ತೋರಿಸ್ತಿದೆ?" ಎಂದರು. ಜಾಲತಾಣಗಳು ತೋರಿಸುವ ಗುರುತಿನ ಪ್ರಮಾಣಪತ್ರಕ್ಕೆ ಶುರುವಾಗುವ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ಯಂತ್ರ 2013ರಲ್ಲಿ ಕೂತಿದ್ದರೆ ಇವತ್ತಿನ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ದಿನಾಂಕ ತಿದ್ದಿದರೆ ಎಲ್ಲ ಸರಿ. ಮರುದಿನ ಬೆಳಿಗ್ಗೆ ಮತ್ತೆ ಹೊಸ ವರ್ಷದ ಶುಭಾಶಯ.

ಮಾವನವರು ಡಬ್ಬ ಬಿಚ್ಚಿಸಿದರು. ಬೋರ್ಡಿನ ಮೂಲೆಯಲ್ಲಿ ನಾಣ್ಯದಷ್ಟಗಲದ ಬ್ಯಾಟರಿ, ಮೇಲೆ ಸಿಆರ್ 2032 ಎಂದು ಕೊರೆದಿತ್ತು. 20 ಮಿಲಿಮೀಟರ್ ಅಗಲ, 3.2 ದಪ್ಪ, ಅಳತೆಯೇ ಅದರ ಹೆಸರು. ಇರಬೇಕಾದ್ದು 3 ವೋಲ್ಟ್. ಅಟ್ಟದಿಂದ ತಮ್ಮ ಮಲ್ಟಿಮೀಟರ್ ಇಳಿಸಿ, ಕೆಂಪು ಕಡ್ಡಿ ಮೇಲೆ, ಕಪ್ಪು ಕಡ್ಡಿ ಕೆಳಗೆ ಇಟ್ಟರು. ಮುಳ್ಳು ಎರಡನ್ನೂ ಮುಟ್ಟಲಿಲ್ಲ. ಗೋಡೆಯ ಸ್ವಿಚ್ ಆನ್ ಇರುವವರೆಗೆ ಬೋರ್ಡಿನ ಗಡಿಯಾರಕ್ಕೆ ಕರೆಂಟು ಸಿಗುತ್ತದೆ. ಆಫ್ ಆದರೆ ಈ ಬ್ಯಾಟರಿಯೇ ಗತಿ. ರಾತ್ರಿ ಮಲಗುವ ಮುನ್ನ ಮನೆಯ ಅಷ್ಟೂ ಸ್ವಿಚ್ಚುಗಳನ್ನು ಆಫ್ ಮಾಡುವ ಶಿಸ್ತು ಯಾರದೆಂದು ನಾನು ಕೇಳಲಿಲ್ಲ. ಅತ್ತಿಗುಪ್ಪೆಯ ವಾಚ್ ರಿಪೇರಿ ಅಂಗಡಿಯಿಂದ ಹೊಸದು ತಂದು ಹಾಕಿದೆವು. ಫಾರ್ಮ್ಯಾಟಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಮನೆಯ ಇತಿಹಾಸದಲ್ಲಿ ಅದು ಫಾರ್ಮ್ಯಾಟಿನ ಲೆಕ್ಕಕ್ಕೇ ಜಮಾ ಆಗಿದೆ.

ನಿಜವಾದ ಕಷ್ಟ ಕನ್ನಡದ್ದು. ಮಾವನವರು ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ. ನೀರು, ಚರಂಡಿ, ಬೀದಿದೀಪಗಳ ಬಗ್ಗೆ ಅವರು ಬರೆದ ಅರ್ಜಿಗಳೆಲ್ಲ ಡಿ ಡ್ರೈವಿನಲ್ಲಿ, ಆ ಹುಡುಗ ಹೇಳಿದಂತೆಯೇ, ಹಾಗೇ ಇದ್ದವು. ತೆರೆದು ನೋಡಿದರೆ ಒಂದಕ್ಷರ ಕನ್ನಡವಿಲ್ಲ. ತಲೆಗೆ ಟೊಪ್ಪಿಗೆ, ಗಲ್ಲಕ್ಕೆ ಗಡ್ಡ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ. "ಚರಂಡಿ ಅರ್ಜಿ ಫ್ರೆಂಚಲ್ಲಿದೆ ತಾತ" ಎಂದ ಮೇಲಿನ ಮನೆಯ ಹುಡುಗ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರವಿನ್ಯಾಸವೂ ಬಂತು. ಆದರೆ ನಾಡೆಲ್ಲ ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ವರ್ಷಗಟ್ಟಲೆ ಬರೆಯಿತು. ಅವುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಬಾಡಿಗೆಗಿದ್ದವು. ಫಾಂಟು ಹೋದರೆ ಬಾಡಿಗೆದಾರ ಖಾಲಿ, ಮಾಲೀಕನ ಮುಖ ಹೊರಗೆ. ಇದನ್ನು ಯಾರ ತಪ್ಪೆಂದೂ ನಾನು ಹೇಳಲಾರೆ. ಆ ಎರಡು ತಂತ್ರಾಂಶಗಳಿಲ್ಲದೆ ಇದ್ದಿದ್ದರೆ ಅರ್ಜಿಗಳೇ ಇರುತ್ತಿರಲಿಲ್ಲ.

ನುಡಿ ಹಾಕುವವರೆಗೆ ವಿಂಡೋಸಿನದೇ ಕನ್ನಡ ಕೀಲಿಮಣೆಯಲ್ಲಿ ಬರೆಯುತ್ತೇನೆಂದು ಮಾವನವರು ಕೂತರು. ಅವರ ಬೆರಳುಗಳಲ್ಲಿರುವುದು ಕೆ.ಪಿ. ರಾವ್ ವಿನ್ಯಾಸ. ಕಿನ್ನಿಕಂಬಳದ ಆ ಮಹನೀಯರು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೇ ಕನ್ನಡವನ್ನೆಲ್ಲ ಕೂರಿಸಿದರು. ನುಡಿಯಲ್ಲಿರುವುದು, ಸರ್ಕಾರ ಒಪ್ಪಿದ್ದು ಅದನ್ನೇ ಆಧರಿಸಿದ ವಿನ್ಯಾಸ. ವಿಂಡೋಸ್ ಮುಂದಿಟ್ಟದ್ದು ಇನ್‌ಸ್ಕ್ರಿಪ್ಟ್: ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ, ಭಾರತದ ಭಾಷೆಗಳಿಗೆಲ್ಲ ಒಂದೇ ಏರ್ಪಾಟು. ಒಳ್ಳೆಯ ಏರ್ಪಾಟೇ, ಕಲಿತವರಿಗೆ. ಮಾವನವರು 'ಕನ್ನಡ' ಎಂದು ಬರೆಯಲು ರೂಢಿಯಂತೆ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರು. ಪರದೆಯ ಮೇಲೆ ಮೂಡಿತು: ಕಲಿಲೈ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನೋಡ್ರೀ ಅಳಿಯಂದಿರೇ, ಕಲಿ ಲೇ ಅಂತಿದೆ! ನಂಗೆ, ಈ ವಯಸ್ಸಲ್ಲಿ!"

ಅವರ ಮಗಳು, ಅಂದರೆ ನನ್ನ ಹೆಂಡತಿ, ಬರಹದವಳು. ಅವಳಿಗೆ ಕನ್ನಡ ಬರುವುದು ಇಂಗ್ಲಿಷಿನ ಉಚ್ಚಾರಣೆಯ ದಾರಿಯಲ್ಲಿ. 'ಡ' ಬೇಕಾದರೆ ಶಿಫ್ಟ್ ಹಿಡಿದು ಡಿ. ಅಪ್ಪನಿಗೆ 'ಡ' ಇರುವುದು ಡಬ್ಲ್ಯುನಲ್ಲಿ, 'ಟ' ಇರುವುದು ಕ್ಯೂನಲ್ಲಿ. ಒಂದೇ ಮನೆಯಲ್ಲಿ, ಒಂದೇ ಭಾಷೆಗೆ ಎರಡು ಮಡಿ. ಕೊನೆಗೆ ಎರಡೂ ತಂತ್ರಾಂಶಗಳು ಬಂದು ಕೂತ ಮೇಲೆ ಮನೆಯಲ್ಲಿ ಶಾಂತಿ ನೆಲೆಸಿತು. ಅರ್ಜಿಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಕೆಲಸ ನನ್ನ ಪಾಲಿಗೆ ಬಿತ್ತು. ಪರಿವರ್ತಕ ಚುರುಕಾಗಿಯೇ ಕೆಲಸ ಮಾಡಿತು, ಅಲ್ಲಲ್ಲಿ ಕಾರ್ಯದರ್ಶಿಗಳ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರಿದ್ದು ಬಿಟ್ಟರೆ. ನಡುನಡುವೆ ಇಂಗ್ಲಿಷಿನಲ್ಲೇ ಬರೆದಿದ್ದ ಪದಗಳನ್ನೂ ಅದು ಬಿಡದೆ ಅರ್ಥವಿಲ್ಲದ ಕನ್ನಡ ಮಾಡಿತ್ತು. ಒಂದೊಂದನ್ನೇ ಕೈಯಲ್ಲಿ ತಿದ್ದುವಾಗ ತಿಳಿಯಿತು, ಚರಂಡಿಯ ಬಗ್ಗೆ ಬರೆದ ಮೊದಲನೆಯ ಅರ್ಜಿಗೂ ಕೊನೆಯದಕ್ಕೂ ದಿನಾಂಕ ಬಿಟ್ಟರೆ ವ್ಯತ್ಯಾಸವಿಲ್ಲ.

ನಿಮ್ಮ ಮನೆಯ ಕಂಪ್ಯೂಟರಿನಲ್ಲಿಯೂ ನುಡಿಯ, ಬರಹದ ಹಳೆಯ ಕಡತಗಳಿದ್ದರೆ, ಆ ಫಾಂಟುಗಳು ಇನ್ನೂ ಜೀವಂತ ಇರುವಾಗಲೇ ತೆರೆದು ಒಂದು ಪಿಡಿಎಫ್ ಪ್ರತಿ ಮಾಡಿಟ್ಟುಕೊಳ್ಳಿ, ಆಮೇಲೆ ಯೂನಿಕೋಡಿಗೆ ಪರಿವರ್ತಿಸಿ. ಪಿಡಿಎಫ್ ಇದ್ದರೆ ತಪ್ಪಿದ ಅರ್ಕಾವೊತ್ತು ಎಲ್ಲಿತ್ತೆಂದು ತಾಳೆ ನೋಡಬಹುದು. ಫಾರ್ಮ್ಯಾಟ್ ಹೊಡೆಯುವವನು ಹೆಲ್ಮೆಟ್ ತೆಗೆದು ಬಾಗಿಲಲ್ಲಿ ನಿಂತ ಮೇಲೆ ಇದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ.