999ರ ಕೋಟು ಯಾರ ಮೈಗೆ?

ಚಳ್ಳಕೆರೆಯಲ್ಲಿ ಗುಟ್ಟು ಬಹಳ ಹೊತ್ತು ಬಾಳುವುದಿಲ್ಲ. ಶೇಂಗಾ ಯಾವ ದರಕ್ಕೆ ನಿಂತಿತು, ಯಾವ ಎಣ್ಣೆ ಮಿಲ್ಲಿಗೆ ಬೀಗ ಬಿತ್ತು, ಯಾರ ಮನೆಯ ನಿಶ್ಚಿತಾರ್ಥ ಮುರಿಯಿತು, ಎಲ್ಲವೂ ಟೀ ಲೋಟ ಖಾಲಿಯಾಗುವುದರೊಳಗೆ ಬಸ್‌ ನಿಲ್ದಾಣ ದಾಟಿರುತ್ತದೆ. ಇಂಥ ಊರಿನ ಮಗ್ಗುಲಿಗೇ ದೇಶ ತನ್ನ ಗುಟ್ಟಿನ ಗಂಟನ್ನು ತಂದಿಟ್ಟಿದೆ. ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ ಈಗ ಡಿಆರ್‌ಡಿಒ, ಬಾರ್ಕ್, ಇಸ್ರೊ. 2023ರ ಏಪ್ರಿಲ್‌ನಲ್ಲಿ ಚಿನೂಕ್ ಹೆಲಿಕಾಪ್ಟರೊಂದು ಇಸ್ರೊದ ರೆಕ್ಕೆಯ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಅದು ಯಾರ ಹಂಗೂ ಇಲ್ಲದೆ ತಾನೇ ಬಂದು ರನ್‌ವೇ ಮೇಲೆ ಇಳಿಯಿತು. ಕುರಿ ಕಾಯುವವರಿಗೆ ಇದಕ್ಕಿಂತ ದೊಡ್ಡ ವೈಜ್ಞಾನಿಕ ಪ್ರಶ್ನೆಯೊಂದಿದೆ: ಗೋಡೆ ಸುತ್ತಿಕೊಂಡು ಹೋಗಲು ಎಷ್ಟು ದೂರ?

“ಜೇಮ್ಸ್ ಬಾಂಡ್ ಬರಬೇಕಿತ್ತು ನೋಡಣ್ಣ ಇಲ್ಲಿಗೆ” ಎಂದು ಯಾರಾದರೂ ಅಂದರೆ, ಪಕ್ಕದ ಬೆಂಚಿನಿಂದ “ಯಾವ ಬಾಂಡು?” ಎಂಬ ಸವಾಲು ಬರುವುದು ಖಂಡಿತ.

ಸವಾಲು ನ್ಯಾಯವಾದದ್ದೇ. 1962ರ ‘ಡಾ. ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ ಆ ಕೋಟು ಆರು ಮೈ ಕಂಡಿದೆ. ಕೈ ಬದಲಾದಾಗಲೆಲ್ಲ ಒಂದು ರಂಪ. ಡೇನಿಯಲ್ ಕ್ರೇಗ್ ಹೆಸರು ಹೊರಬಿದ್ದಾಗ ಅವನ ಕೂದಲು ಹೊಂಬಣ್ಣದ್ದು ಎಂಬ ಕಾರಣಕ್ಕೇ ಅಭಿಮಾನಿಗಳು ಬಹಿಷ್ಕಾರದ ಮಾತಾಡಿದ್ದರು. 2006ರಲ್ಲಿ ‘ಕ್ಯಾಸಿನೊ ರಾಯಲ್’ ಬಂತು, ಕೂದಲ ಸುದ್ದಿ ಅಲ್ಲಿಗೆ ಮುಗಿಯಿತು. ಸೊಸೆಯ ಸಾರಿಗೆ ಮೊದಲ ದಿನ ಹೆಸರಿಟ್ಟವರೇ ಆಮೇಲೆ ಎರಡನೇ ಸಲ ತಟ್ಟೆ ಒಡ್ಡುವುದಿಲ್ಲವೇ, ಹಾಗೆ.

ನಮ್ಮ ಸಿಐಡಿ 999ಕ್ಕೆ ಮಾತ್ರ ಈ ಭಾಗ್ಯ ಬರಲಿಲ್ಲ. ದೊರೈ–ಭಗವಾನ್ ಜೋಡಿ 1968ರಲ್ಲಿ ರಾಜ್‌ಕುಮಾರರಿಗೆ ಆ ಕೋಟು ತೊಡಿಸಿ ‘ಜೇಡರ ಬಲೆ’ ಹೆಣೆಯಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಮುಂದೆ ಹಿಂದಿಯವರ ಪಾಲಾದ ರೇಖಾ ನಾಯಕಿಯಾಗಿ ಕಾಲಿಟ್ಟದ್ದು ಈ ಜಾಕ್‌ಪಾಟಿನಲ್ಲೇ. ಆಮೇಲೆ ಜೋಡಿಗೆ ಏನನ್ನಿಸಿತೋ, ಪಿಸ್ತೂಲು ಕೆಳಗಿಟ್ಟು 1971ರಲ್ಲಿ ‘ಕಸ್ತೂರಿ ನಿವಾಸ’ ಮಾಡಿ ಇಡೀ ನಾಡನ್ನು ಅಳಿಸಿತು. ಶತ್ರುಗಳನ್ನು ಬಡಿದು ಹಾಕುತ್ತಿದ್ದ ಅದೇ ಕೈಗಳು ಇದ್ದದ್ದನ್ನೆಲ್ಲ ದಾನ ಮಾಡಿ ಕೂತವು. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಮೂಲಕ 999 ಮರಳಿದ. ಮರಳಿದವರು ಯಾರು? ಮತ್ತೆ ಅಣ್ಣಾವ್ರೇ. ಜಾಕ್‌ಪಾಟಿಗೂ ಡೈಮಂಡಿಗೂ ನಡುವಿನ ಒಂಬತ್ತು ವರ್ಷಗಳಲ್ಲಿ ಇಂಗ್ಲಿಷಿನವರು ಲೇಜನ್‌ಬಿ, ಕಾನರಿ, ಮೂರ್ ಎಂದು ಮೂವರಿಗೆ ಕೋಟು ತೊಡಿಸಿ ನೋಡಿದ್ದರು. ನಮ್ಮವರು ಹಳೆಯ ಕೋಟನ್ನೇ ಇಸ್ತ್ರಿ ಮಾಡಿದರು. ಜೊತೆಗೆ ಒಂದು ಇಂಗ್ಲಿಷ್ ಹಾಡನ್ನೂ ಹಾಡಿಸಿದರು, ರಾಜ್‌ಕುಮಾರರ ಸ್ವಂತ ಕಂಠದಲ್ಲಿ. ಆ ಹಾಡು ಇಂದಿಗೂ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇದೆ. ಕನ್ನಡ ಬಾರದವರೂ ಅದನ್ನು ಗುನುಗುತ್ತಾರೆ.

ಅಷ್ಟೂ ಚಿತ್ರಗಳಲ್ಲಿ ಆ ಸಿಐಡಿಗೆ ಪ್ರಕಾಶ್ ಎಂಬ ಹೆಸರಿದೆ. ಯಾರಿಗೆ ನೆನಪಿದೆ ಹೇಳಿ? ಅವನನ್ನು ಕಟ್ಟಿಹಾಕಿದಾಗ ಟೆಂಟಿನಲ್ಲಿ ಉಸಿರು ಬಿಗಿಹಿಡಿದವರು ಪ್ರಕಾಶನಿಗಾಗಿ ಹಿಡಿಯಲಿಲ್ಲ, ಅಣ್ಣಾವ್ರಿಗಾಗಿ ಹಿಡಿದರು. ಅಲ್ಲಿಗೆ ಬೇರೊಬ್ಬ ನಟನನ್ನು ತರುವುದು ಹೇಗೆ?

ಮೊಳಕಾಲ್ಮುರಿನವರ ಲೆಕ್ಕ ಸ್ವಲ್ಪ ಬೇರೆ. ರಾಯದುರ್ಗ ಹತ್ತಿರ, ಆಂಧ್ರದ ಗಾಳಿ ಸದಾ ಬೀಸುತ್ತದೆ, ಮಗ್ಗದ ಮುಂದೆ ಕೂತವರ ಬಾಯಲ್ಲಿ ಎರಡು ಭಾಷೆ. ಅಲ್ಲಿ ‘ಜೇಡರ ಬಲೆ’ಯ ಹೆಚ್ಚುಗಾರಿಕೆ ಹೇಳಿದರೆ, ಅದಕ್ಕೂ ಎರಡು ವರ್ಷ ಮೊದಲೇ, 1966ರಲ್ಲಿ, ತೆಲುಗಿನ ಕೃಷ್ಣ ‘ಗೂಢಚಾರಿ 116’ ಆಗಿದ್ದರೆಂದು ನೆನಪಿಸುವವರು ಸಿಗುತ್ತಾರೆ. ತೆಲುಗಿನವರು ಅಷ್ಟಕ್ಕೇ ಬಿಡಲಿಲ್ಲ. 2018ರಲ್ಲಿ ‘ಗೂಢಚಾರಿ’ ಮಾಡಿ ಆ 116 ಎಂಬ ಸಂಖ್ಯೆಯನ್ನು ಅಡಿವಿ ಶೇಷ್ ಎಂಬ ಹೊಸ ನಟನ ಕೊರಳಿಗೆ ಕಟ್ಟಿದರು. ಐವತ್ತೆರಡು ವರ್ಷದ ಹಳೇ ನಂಬರು, ಗಾಡಿ ಮಾತ್ರ ಹೊಸದು, ಓಡಿಯೂ ಓಡಿತು.

ಬಿರುದು ಒಂದು, ಹೊತ್ತವರು ಹಲವರು ಎಂಬುದು ಮೊಳಕಾಲ್ಮುರು ಸೀಮೆಗೆ ಹೊಸ ಸುದ್ದಿಯೇನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಸಾಮ್ರಾಟನ ಶಾಸನವಿದೆ, ಅವನ ಹೆಸರಿಲ್ಲ. ‘ದೇವಾನಾಂಪಿಯ’ ಎಂಬ ಬಿರುದಷ್ಟೇ. ಸಿಂಹಳದ ತಿಸ್ಸನಿಗೂ ಅದೇ ಬಿರುದಿತ್ತಾದ್ದರಿಂದ ವಿದ್ವಾಂಸರು ಒಮ್ಮೆ ದಾರಿತಪ್ಪಿದ್ದರು. ಕೊನೆಗೆ 1915ರಲ್ಲಿ ಮಸ್ಕಿಯ ಬಂಡೆ ಅಶೋಕನ ಹೆಸರನ್ನು ಬಾಯಿಬಿಟ್ಟಿತು. ಬ್ರಹ್ಮಗಿರಿಯ ಶಾಸನ ಬರೆದ ಚಪಡನಂತೂ ತನ್ನ ಕಸುಬಿನ ಹೆಸರನ್ನು ಈ ಕಡೆಯವರಾರೂ ಕಂಡರಿಯದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೊರೆದು ಹೋಗಿದ್ದಾನೆ. 999ಕ್ಕಿಂತ ಮೊದಲು ನಮ್ಮ ಸೀಮೆಗೆ ಬಂದ ಗೂಢಚಾರ ಇವನೇ ಇರಬೇಕೆಂದು ನನಗೊಂದು ಗುಮಾನಿ.

ಕನ್ನಡದಲ್ಲೂ ಒಮ್ಮೆ ಕೋಟು ಕೈ ಬದಲಾಯಿಸಿತ್ತು. ಅದು ಗೂಢಚಾರನದಲ್ಲ, ಪೊಲೀಸಿನವನದು. 1988ರಲ್ಲಿ ‘ಸಾಂಗ್ಲಿಯಾನ’, 1990ರಲ್ಲಿ ಅದರ ಎರಡನೇ ಭಾಗ. ಆ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಸಾಂಗ್ಲಿಯಾನ ಆಗಿದ್ದ ಶಂಕರ್‌ನಾಗ್ ತೀರಿಕೊಂಡರು. ದಾವಣಗೆರೆ ಆಗಿನ್ನೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ದಾವಣಗೆರೆ ನಮ್ಮನ್ನು ಬಿಟ್ಟು ಬೇರೆ ಜಿಲ್ಲೆಯಾಯಿತು, ಮೂರನೇ ಭಾಗದಲ್ಲಿ ದೇವರಾಜ್ ಸಾಂಗ್ಲಿಯಾನ ಆದರು. ದೇವರಾಜ್ ಕಳಪೆ ನಟರೇ? ಖಾಕಿ ತೊಟ್ಟರೆ ಎದುರಿನವನು ತಾನಾಗಿ ಲೈಸೆನ್ಸ್ ತೆಗೆದು ತೋರಿಸಬೇಕು, ಅಂಥ ಗತ್ತು. ಆದರೂ ಚಳ್ಳಕೆರೆಯ ಆಟೋಗಳ ಹಿಂದೆ ಇರುವುದು ಶಂಕರಣ್ಣನ ಚಿತ್ರವೇ.

ಸೋಜಿಗವೆಂದರೆ, ಹಳ್ಳಿಯಲ್ಲಿ ‘ಕುರುಕ್ಷೇತ್ರ’ ನಾಟಕ ಕಟ್ಟುವಾಗ ಇದೇ ಜನಕ್ಕೆ ಇಂಥ ಯಾವ ತಕರಾರೂ ಇಲ್ಲ. ವರ್ಷಕ್ಕೊಬ್ಬ ದುರ್ಯೋಧನ. ಪಾತ್ರಕ್ಕೆ ಇಂತಿಷ್ಟೆಂದು ರೇಟು. ಕೃಷ್ಣ, ದುರ್ಯೋಧನರದು ದುಬಾರಿ, ದೂತನದು ಅಗ್ಗ. ದುಡ್ಡು ಕೊಟ್ಟವನ ತಲೆಗೆ ಕಿರೀಟ. ಹೋದ ವರ್ಷದ ದುರ್ಯೋಧನ ಮುಂದಿನ ಸಾಲಿನಲ್ಲಿ ಕೂತು ಈ ವರ್ಷದವನ ಮೀಸೆ ಸರಿಯಿಲ್ಲವೆಂದು ಗೊಣಗುತ್ತಾನೆ, ಆದರೂ ಬೆಳಗಿನ ಜಾವ ತೊಡೆ ಮುರಿಯುವವರೆಗೆ ಎದ್ದು ಹೋಗುವುದಿಲ್ಲ.

ಹೀಗಾದರೆ 999ನ್ನೂ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟರ ಕೈಗೇ ಒಪ್ಪಿಸಿದರೇನು ಎಂದು ಹಿಂದೊಮ್ಮೆ ಒಬ್ಬ ಮೇಷ್ಟರಲ್ಲಿ ಬಾಯಿಬಿಟ್ಟೆ. ಸಿಐಡಿ, ಪಿಸ್ತೂಲು, ವಜ್ರದ ಕಳ್ಳರು, ಕಾವಲಿನ ಗೋಡೆ, ಎಲ್ಲ ವಿವರಿಸಿದೆ. ಅವರು ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿಸಿಕೊಂಡರು.

“ಪಿಸ್ತೂಲು ಯಾರು ಬೇಕಾದ್ರೂ ಹಿಡೀತಾರೆ ಬಿಡ್ರಿ ಸಾರ್. ಪಾತ್ರಕ್ಕೆ ಕಂದಪದ್ಯ ಎಷ್ಟದಾವೆ ಹೇಳಿ, ಆಮೇಲೆ ರೇಟು ಮಾತಾಡಾನ.”